ರಾಗಿ ಕಾಳಿನಷ್ಟು ಮೆದುಳು, ಅದರೊಳಗೆ ಕಿಲೋಮೀಟರ್‌ಗಟ್ಟಲೆ ತಂತಿ

ಅಡುಗೆಮನೆಯ ಡಬ್ಬಿಯಿಂದ ಒಂದೇ ಒಂದು ಕಾಳು ರಾಗಿ ತೆಗೆದು ಬೆರಳ ತುದಿಯಲ್ಲಿ ಇಟ್ಟುಕೊಳ್ಳಿ. ಹೆಚ್ಚುಕಡಿಮೆ ಅಷ್ಟೇ ಗಾತ್ರದ ಇಲಿ ಮೆದುಳಿನ ಚೂರೊಂದರ ನಕ್ಷೆ ಬಿಡಿಸಲು 150ಕ್ಕೂ ಹೆಚ್ಚು ವಿಜ್ಞಾನಿಗಳು ಸುಮಾರು ಒಂಬತ್ತು ವರ್ಷ ಕೂತರು. ಫಲಿತಾಂಶ 2025ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಆ ಒಂದು ಕಾಳಿನೊಳಗೆ 2 ಲಕ್ಷಕ್ಕೂ ಹೆಚ್ಚು ಜೀವಕೋಶಗಳಿದ್ದವು. ಅವುಗಳ ನಡುವೆ 52 ಕೋಟಿಗೂ ಹೆಚ್ಚು ಕೊಂಡಿಗಳಿದ್ದವು. ಒಳಗಿನ ಎಳೆಗಳನ್ನೆಲ್ಲ ಬಿಚ್ಚಿ ಉದ್ದಕ್ಕೆ ಹಾಸಿದರೆ ನಾಲ್ಕು ಕಿಲೋಮೀಟರ್ ದಾಟುತ್ತದೆ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಒಂದು ತುದಿ ಕಟ್ಟಿದರೆ ಇನ್ನೊಂದು ತುದಿ ಲಾಲ್‌ಬಾಗ್ ಹತ್ತಿರ ಹೋಗುತ್ತದೆ.

ಇದು ಒಂದು ಕಾಳಿನ ಲೆಕ್ಕ. ನಮ್ಮ ತಲೆಯೊಳಗೆ ಇಂಥ ಕಾಳುಗಳು 12 ಲಕ್ಷದಷ್ಟಿವೆ.

ಮೆದುಳಿನ ಸುದ್ದಿ ಈಗ ಪ್ರಯೋಗಾಲಯದಲ್ಲೇ ಉಳಿದಿಲ್ಲ. ತಲೆಗೆ ಚಿಪ್ ಹಾಕಿಸಿಕೊಂಡವರೊಬ್ಬರು ಕೈ ಅಲ್ಲಾಡಿಸದೆ ಕಂಪ್ಯೂಟರಿನಲ್ಲಿ ಚೆಸ್ ಆಡಿದ ವಿಡಿಯೊ 2024ರಲ್ಲಿ ಫೋನಿನಿಂದ ಫೋನಿಗೆ ಓಡಾಡಿತು. ನಮ್ಮ ಮನೆಯ ಗ್ರೂಪಿಗೂ ಬಂತು. ಅದನ್ನು ಎರಡು ಸಲ ನೋಡಿ ಚಿಕ್ಕಮ್ಮ ಕೇಳಿದರು: "ಅಲ್ಲ ಕಣೋ, ಹಾಗಾದ್ರೆ ನಾವು ಮನಸ್ಸಲ್ಲಿ ಅಂದ್ಕೊಂಡಿದ್ದೆಲ್ಲ ಅವರಿಗೆ ಗೊತ್ತಾಗ್ಬಿಡುತ್ತಾ?"

ಹೌದು, ಇಲ್ಲ ಎಂದು ಒಂದು ಮಾತಿನಲ್ಲಿ ಮುಗಿಸಲು ಆಗಲಿಲ್ಲ. ಮೆದುಳು ಹೇಗೆ ಕೆಲಸ ಮಾಡುತ್ತದೆ, ಅದನ್ನು ಹೊರಗಿನಿಂದ 'ಓದುವುದು' ಅಂದರೆ ಏನು ಎಂಬಲ್ಲಿಂದ ಶುರು ಮಾಡಬೇಕಾಯಿತು. ಇಲ್ಲಿಯೂ ಅಲ್ಲಿಂದಲೇ ಶುರು ಮಾಡೋಣ.

## ತಲೆಯೊಳಗೆ ಇರುವುದೇನು?

ದೊಡ್ಡವರ ಮೆದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ಜೀವಂತ ಮೆದುಳು ಗಟ್ಟಿಯಾಗಿರುವುದಿಲ್ಲ. ಗಿಣ್ಣಿನ ಹಾಗೆ ಮೆತ್ತಗಿರುತ್ತದೆ. ದೇಹದ ತೂಕದಲ್ಲಿ ಅದರ ಪಾಲು ನೂರಕ್ಕೆ ಎರಡು. ಆದರೆ ಸುಮ್ನೆ ಕೂತಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ಅದೊಂದೇ ತಿನ್ನುತ್ತದೆ. ಹಾಗೆಂದು ದುಂದುಗಾರ ಅನ್ನುವಂತಿಲ್ಲ. ಒಟ್ಟು ಖರ್ಚು ಸುಮಾರು 20 ವ್ಯಾಟ್, ಅಂದರೆ ಒಂದು ಎಲ್‌ಇಡಿ ಟ್ಯೂಬ್‌ಲೈಟಿನಷ್ಟು.

ಮೆದುಳಿನಲ್ಲಿ ಸುದ್ದಿ ಸಾಗಿಸುವ ಕೋಶಕ್ಕೆ ನ್ಯೂರಾನ್ ಅಥವಾ ನರಕೋಶ ಎನ್ನುತ್ತಾರೆ. ಇವು ಎಷ್ಟಿವೆ? ಬಹಳ ಕಾಲ ಪುಸ್ತಕಗಳಲ್ಲಿ 'ಸುಮಾರು 10,000 ಕೋಟಿ' ಎಂಬ ದುಂಡಗಿನ ಸಂಖ್ಯೆ ಇತ್ತು. ಯಾರೂ ಸರಿಯಾಗಿ ಎಣಿಸಿರಲಿಲ್ಲ. ಬ್ರೆಜಿಲ್‌ನ ವಿಜ್ಞಾನಿ ಸುಜಾನಾ ಹರ್ಕುಲಾನೊ ಹೌಜೆಲ್ ಒಂದು ಉಪಾಯ ಮಾಡಿದರು. ಸತ್ತವರು ದಾನ ಕೊಟ್ಟ ಮೆದುಳನ್ನು ಕರಗಿಸಿ ಸಾರು ಮಾಡಿದರು. ಹುಳಿಯಲ್ಲಿ ಕಡಲೆಕಾಳು ಎಷ್ಟಿದೆ ಎಂದು ತಿಳಿಯಬೇಕಾದರೆ ಏನು ಮಾಡುತ್ತೀರಿ? ಚೆನ್ನಾಗಿ ಕಲಕಿ, ಒಂದು ಸೌಟು ತೆಗೆದು ಎಣಿಸಿ, ಪಾತ್ರೆಯಲ್ಲಿ ಎಷ್ಟು ಸೌಟು ಇದೆಯೋ ಅಷ್ಟರಿಂದ ಗುಣಿಸಿದರಾಯಿತು. ಅವರು ಮಾಡಿದ್ದೂ ಅದನ್ನೇ. ಎಣಿಸಿದ್ದು ಮಾತ್ರ ಕೋಶಗಳ ಒಳಗಿರುವ ಬೀಜಗಳನ್ನು, ಅಂದರೆ ನ್ಯೂಕ್ಲಿಯಸ್‌ಗಳನ್ನು. 2009ರಲ್ಲಿ ಉತ್ತರ ಬಂತು: ಸುಮಾರು 8,600 ಕೋಟಿ.

ಪ್ರತಿ ನರಕೋಶಕ್ಕೂ ಮರದ ಕೊಂಬೆಗಳಂತೆ ಹರಡಿಕೊಂಡ ಚಿಕ್ಕ ಎಳೆಗಳಿರುತ್ತವೆ. ಇವು ಸುದ್ದಿ ಕೇಳಿಸಿಕೊಳ್ಳುವ ಕಿವಿಗಳು. ಇನ್ನೊಂದು ಕಡೆ ಒಂದು ಉದ್ದನೆಯ ಎಳೆ ಇರುತ್ತದೆ. ಅದಕ್ಕೆ ಆಕ್ಸಾನ್ ಎನ್ನುತ್ತಾರೆ. ಅದು ಸುದ್ದಿ ಹೇಳುವ ಬಾಯಿ. ಸುದ್ದಿ ಅಂದರೆ ಇಲ್ಲಿ ಒಂದು ಪುಟ್ಟ ವಿದ್ಯುತ್ ಮಿಡಿತ, ಅಷ್ಟೆ. ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಬಂದು ಹೋಗುತ್ತದೆ. ಅರ್ಧ ಮಿಡಿತ, ಮುಕ್ಕಾಲು ಮಿಡಿತ ಎಂಬುದಿಲ್ಲ. ಪಟಾಕಿ ಹೊಡೆದರೆ ಹೊಡೆಯಿತು, ಇಲ್ಲವಾದರೆ ಠುಸ್.

## ದಡದಿಂದ ದಡಕ್ಕೆ

ಒಂದು ನರಕೋಶ ಇನ್ನೊಂದಕ್ಕೆ ಅಂಟಿಕೊಂಡಿರುವುದಿಲ್ಲ. ನಡುವೆ ಒಂದು ಸಣ್ಣ ಸಂದು ಇರುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅಂಥ ಇಪ್ಪತ್ತು ಪಾಲಿನಷ್ಟು ಅಗಲ. ಈ ಜಾಗಕ್ಕೆ ಸಿನಾಪ್ಸ್ ಎಂದು ಹೆಸರು. ಮೊದಲು ಹೇಳಿದ 52 ಕೋಟಿ ಕೊಂಡಿಗಳು ಅಂದರೆ ಇವೇ.

ಸೇತುವೆ ಆಗುವ ಮೊದಲು ಸಿಗಂದೂರಿಗೆ ಹೋಗಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ರಸ್ತೆ ಶರಾವತಿಯ ಹಿನ್ನೀರಿನ ದಡದಲ್ಲಿ ಮುಗಿಯುತ್ತಿತ್ತು. ಆಚೆ ದಡಕ್ಕೆ ಲಾಂಚ್‌ನಲ್ಲಿ ಹೋಗಿ, ಮತ್ತೆ ರಸ್ತೆ ಹಿಡಿಯಬೇಕಿತ್ತು. ನರಕೋಶದ ವಿದ್ಯುತ್ ಮಿಡಿತವೂ ಹಾಗೇ ದಡದವರೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ರಾಸಾಯನಿಕಗಳೆಂಬ ಲಾಂಚ್ ಹೊರಡುತ್ತದೆ. ಆಚೆ ದಡ ಮುಟ್ಟಿದ ಮೇಲೆ ಮತ್ತೆ ವಿದ್ಯುತ್ತು.

ಆ ಲಾಂಚ್‌ಗಳಲ್ಲಿ ಎರಡು ಬಗೆ ಮುಖ್ಯ. ಒಂದು "ಹೂಂ, ನೀನೂ ಹೊಡಿ" ಎನ್ನುತ್ತದೆ. ಇನ್ನೊಂದು "ಸುಮ್ನಿರು" ಎನ್ನುತ್ತದೆ. ಒಂದೊಂದು ನರಕೋಶಕ್ಕೂ ಸಾವಿರಾರು ಕಡೆಯಿಂದ ಈ ಹೂಂ, ಸುಮ್ನಿರುಗಳು ಬರುತ್ತಲೇ ಇರುತ್ತವೆ. ಎಲ್ಲವನ್ನೂ ಕೂಡಿಸಿ ಕಳೆದು, ಹೂಂಗಳು ಗೆದ್ದರೆ ಅದೂ ಒಂದು ಮಿಡಿತ ಹೊಡೆಯುತ್ತದೆ. ಇಷ್ಟೇ ಕೆಲಸ. ಬಿಡಿ ನರಕೋಶಕ್ಕೆ ಅಮ್ಮನ ಮುಖವೂ ಗೊತ್ತಿಲ್ಲ, ಮಗ್ಗಿಯೂ ಗೊತ್ತಿಲ್ಲ.

ಖಿನ್ನತೆಗೆ, ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಬಹಳಷ್ಟು ಮಾತ್ರೆಗಳು ಕೆಲಸ ಮಾಡುವುದು ಈ ದಡಗಳಲ್ಲೇ. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು ಸಾಯುತ್ತಾ ಹೋಗುತ್ತವೆ. ಮಾತ್ರೆ ಆ ಕೊರತೆಯನ್ನು ತುಂಬಲು ನೋಡುತ್ತದೆ.

ಕಲಿಯುವುದೂ ಇಲ್ಲೇ ನಡೆಯುತ್ತದೆ. ಜನ ಓಡಾಡಿದಷ್ಟೂ ಹೊಲದ ಕಾಲುದಾರಿ ಹಸನಾಗುತ್ತದೆ, ಓಡಾಟ ನಿಂತರೆ ಹುಲ್ಲು ಮುಚ್ಚುತ್ತದೆ. ಪದೇ ಪದೇ ಬಳಸಿದ ಸಿನಾಪ್ಸ್ ಗಟ್ಟಿಯಾಗುತ್ತದೆ, ಬಳಸದೆ ಬಿಟ್ಟದ್ದು ಸಡಿಲವಾಗುತ್ತದೆ. ಸೈಕಲ್ ಕಲಿತದ್ದು, ಗೆಳೆಯರ ಹೆಸರು, ಊರಿನ ದಾರಿ ಎಲ್ಲವೂ ಹೀಗೆ ಗಟ್ಟಿಯಾದ, ಸಡಿಲವಾದ ಕೊಂಡಿಗಳ ರೂಪದಲ್ಲಿ ಉಳಿದಿರುತ್ತವೆ ಎಂಬುದು ಇವತ್ತಿನ ತಿಳಿವಳಿಕೆ. ಅದಕ್ಕೇ ಎಲ್ಲರಿಗೂ ಕೊಂಡಿಗಳ ನಕ್ಷೆಯ ಮೇಲೆ ಅಷ್ಟು ಆಸೆ.

## ಕೆಟ್ಟಾಗ ಮಾತ್ರ ಗೊತ್ತಾಗುತ್ತಿದ್ದ ಕಾಲ

ಮೊದಲೆಲ್ಲ ಮೆದುಳಿನ ಬಗ್ಗೆ ತಿಳಿಯುತ್ತಿದ್ದದ್ದು ಏನಾದರೂ ಕೆಟ್ಟಾಗ. ಫ್ಯೂಸ್ ಹೋದಾಗ ಯಾವ ಕೋಣೆ ಕತ್ತಲಾಯಿತು ಎಂದು ನೋಡಿ, ಯಾವ ತಂತಿ ಎಲ್ಲಿಗೆ ಹೋಗಿದೆ ಎಂದು ಊಹಿಸುವ ಹಾಗೆ. 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ ಬಳಿ ಒಬ್ಬ ರೋಗಿ ಇದ್ದ. ಯಾರೇನು ಹೇಳಿದರೂ ಅರ್ಥವಾಗುತ್ತಿತ್ತು, ಬಾಯಿಂದ ಮಾತ್ರ 'ಟ್ಯಾನ್' ಎಂಬ ಒಂದೇ ಶಬ್ದ ಬರುತ್ತಿತ್ತು. ಅವನು ತೀರಿಕೊಂಡ ಮೇಲೆ ಮೆದುಳು ನೋಡಿದರೆ ಎಡಗಡೆ ಮುಂಭಾಗದಲ್ಲಿ ಒಂದು ಜಾಗ ಹಾಳಾಗಿತ್ತು. ಮಾತಾಡುವ ಶಕ್ತಿಗೂ ಆ ಜಾಗಕ್ಕೂ ನಂಟಿದೆ ಎಂದು ಗೊತ್ತಾದದ್ದು ಹಾಗೆ.

ಇದಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಅಮೆರಿಕದ ಹೆನ್ರಿ ಮೊಲೈಸನ್ ಕಥೆ. ಮೂರ್ಛೆರೋಗ ತಡೆಯಲಾರದೆ 1953ರಲ್ಲಿ, 27ನೇ ವಯಸ್ಸಿನಲ್ಲಿ, ಆಪರೇಷನ್ ಮಾಡಿಸಿಕೊಂಡರು. ಮೆದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಬಹುಪಾಲು ಹೋಯಿತು. ಮೂರ್ಛೆ ಕಡಿಮೆಯಾಯಿತು, ಆದರೆ ಹೊಸದೇನೂ ನೆನಪಿನಲ್ಲಿ ನಿಲ್ಲದಾಯಿತು. ಈಗ ಮಾತಾಡಿಸಿ ಹೋದವರು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದರೆ ಅಪರಿಚಿತರು. ಹಳೆಯ ನೆನಪುಗಳು ಬಹಳಷ್ಟು ಉಳಿದಿದ್ದವು. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರ ತಿದ್ದುವ ಕೆಲಸ ಕೊಟ್ಟರೆ ದಿನದಿಂದ ದಿನಕ್ಕೆ ಅವರ ಕೈ ಪಳಗುತ್ತಿತ್ತು. ಆದರೆ ಪ್ರತಿ ಸಲವೂ ಇದನ್ನು ಮೊದಲ ಸಲ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಿದ್ದರು. ಕೈಯ ನೆನಪು ಬೇರೆ, ಮನಸ್ಸಿನ ನೆನಪು ಬೇರೆ ಎಂದು ಇದರಿಂದ ಖಚಿತವಾಯಿತು. 2008ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಮೆದುಳನ್ನು 2,401 ತೆಳು ಪದರಗಳಾಗಿ ಕತ್ತರಿಸಿ ಇಟ್ಟಿದ್ದಾರೆ.

## ಬಣ್ಣದ ಸ್ಕ್ಯಾನ್ ಚಿತ್ರ ಏನು ಹೇಳುತ್ತದೆ?

'ಪ್ರೀತಿಯಲ್ಲಿ ಬಿದ್ದಾಗ ಮೆದುಳಿನ ಈ ಭಾಗ ಬೆಳಗುತ್ತದೆ' ಎಂಬ ಸುದ್ದಿಯ ಜೊತೆ ಕೆಂಪು ಹಳದಿ ಮಚ್ಚೆಗಳಿರುವ ಚಿತ್ರ ನೋಡಿರುತ್ತೀರಿ, ಅಲ್ವಾ? ಒಳಗೆ ಯಾವುದೂ ಬೆಳಗುವುದಿಲ್ಲ. ಅದು ಎಫ್‌ಎಂಆರ್‌ಐ ಎಂಬ ಸ್ಕ್ಯಾನ್. ಕೆಲಸ ಜಾಸ್ತಿ ಇರುವ ಕಡೆಗೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹರಿಯುತ್ತದೆ. ಯಂತ್ರ ಅಳೆಯುವುದು ಆ ರಕ್ತವನ್ನು. ಬಣ್ಣ ತುಂಬುವುದು ಕಂಪ್ಯೂಟರ್.

ಬೆಸ್ಕಾಂನವರು ಯಾವ ಬಡಾವಣೆಯಲ್ಲಿ ಕರೆಂಟ್ ಜಾಸ್ತಿ ಉರಿಯುತ್ತಿದೆ ಎಂದು ಕೂತಲ್ಲೇ ಹೇಳಬಲ್ಲರು. ಆದರೆ ನಿಮ್ಮ ಮನೆಯಲ್ಲಿ ಓಡುತ್ತಿರುವುದು ಮಿಕ್ಸಿಯೋ ಟಿವಿಯೋ, ಟಿವಿಯಾದರೆ ಯಾವ ಧಾರಾವಾಹಿ ಎಂದು ಹೇಳಲಾರರು. ಈ ಸ್ಕ್ಯಾನಿನ ಕಥೆಯೂ ಅಷ್ಟೆ. ಅದರ ಒಂದೊಂದು ಚುಕ್ಕೆಯಲ್ಲೂ ಲಕ್ಷಗಟ್ಟಲೆ ನರಕೋಶಗಳಿರುತ್ತವೆ. ರಕ್ತ ಬಂದು ಸೇರುವುದೂ ಕೆಲವು ಸೆಕೆಂಡು ತಡವಾಗಿ.

ಇಇಜಿ ಇನ್ನೂ ಹಳೆಯದು. ತಲೆಯ ಮೇಲೆ ತಂತಿ ಅಂಟಿಸಿ ವಿದ್ಯುತ್ ಅಲೆ ಅಳೆಯುವುದು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಇದನ್ನು ಮನುಷ್ಯರ ಮೇಲೆ ಮೊದಲು ಮಾಡಿದರು. ಇದು ವೇಗದ್ದು, ಆದರೆ ಮಬ್ಬು. ರಾತ್ರಿ ಮನೆಯ ಜಗಲಿಯಲ್ಲಿ ಕೂತು ದೂರದ ಬಯಲಿನ ಯಕ್ಷಗಾನ ಕೇಳಿದಂತೆ. ಚೆಂಡೆಯ ಸದ್ದಿನಲ್ಲಿ ಯುದ್ಧ ನಡೆಯುತ್ತಿದೆ ಎಂದು ತಿಳಿಯುತ್ತದೆ, ಯಾರು ಏನು ಅರ್ಥ ಹೇಳಿದರು ಎಂದು ತಿಳಿಯುವುದಿಲ್ಲ. ಹಾಗಿದ್ದರೂ ಮೂರ್ಛೆರೋಗ ಗುರುತಿಸಲು ಇವತ್ತಿಗೂ ಇದೇ ಬೇಕು.

ನಾವು ಮೆದುಳಿನ ನೂರಕ್ಕೆ ಹತ್ತು ಭಾಗವನ್ನಷ್ಟೇ ಬಳಸುತ್ತೇವೆ ಎಂಬ ಮಾತು ಇನ್ನೂ ಫಾರ್ವರ್ಡ್ ಆಗುತ್ತಲೇ ಇದೆ. ಅದು ಸುಳ್ಳು. ಯಾವ ಸ್ಕ್ಯಾನಿನಲ್ಲೂ ಖಾಲಿ ಬಿದ್ದಿರುವ ಶೇಕಡಾ 90 ಭಾಗ ಕಂಡಿಲ್ಲ. ನಿದ್ದೆಯಲ್ಲೂ ಮೆದುಳು ಕೆಲಸ ಮಾಡುತ್ತಲೇ ಇರುತ್ತದೆ.

## ಹುಳು, ನೊಣ, ಇಲಿ

ದೂರದಿಂದ ನೋಡಿದರೆ ಸಾಲದು, ಒಂದೊಂದು ಎಳೆಯೂ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂದು ನೋಡಬೇಕು ಎಂಬ ಹಟ ಹಳೆಯದು. ಇಂಥ ಪೂರ್ತಿ ಜೋಡಣೆಯ ನಕ್ಷೆಗೆ ಕನೆಕ್ಟೋಮ್ ಎಂದು ಹೆಸರು. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ 1979ರಲ್ಲಿ, ಒಂದು ಘನ ಮಿಲಿಮೀಟರ್ ಮೆದುಳಿನ ಪೂರ್ತಿ ತಂತಿ ನಕ್ಷೆಯನ್ನೂ ಅದರ ನರಕೋಶಗಳೆಲ್ಲ ಹೇಗೆ ಮಿಡಿಯುತ್ತವೆ ಎಂಬುದನ್ನೂ ಕೇಳುವುದು ಆಗದ ಮಾತು ಎಂಬರ್ಥದಲ್ಲಿ ಬರೆದಿದ್ದರು. ಅವರು ಆಗದ ಮಾತು ಎಂದದ್ದು ನಮ್ಮ ರಾಗಿ ಕಾಳಿನ ಬಗ್ಗೆಯೇ.

ಮೊದಲು ಆದದ್ದು ಒಂದು ಹುಳು. ಒಂದು ಮಿಲಿಮೀಟರ್ ಉದ್ದದ ಈ ಮಣ್ಣಿನ ಹುಳುವಿಗೆ ಇರುವುದು 302 ನರಕೋಶ. ಇಂಗ್ಲೆಂಡಿನಲ್ಲಿ ಜಾನ್ ವೈಟ್, ಸಿಡ್ನಿ ಬ್ರೆನ್ನರ್ ಮತ್ತು ಸಂಗಡಿಗರು ಪದರ ಪದರವಾಗಿ ಕತ್ತರಿಸಿ, ಎಳೆಗಳನ್ನು ಕೈಯಿಂದಲೇ ಗುರುತು ಹಾಕುತ್ತಾ ಹೋಗಿ, 1986ರಲ್ಲಿ ಮುಗಿಸಿದರು. ಹತ್ತು ವರ್ಷ ಮೀರಿದ ಕೆಲಸ ಅದು.

ಆಮೇಲೆ ಹಣ್ಣಿನ ನೊಣ. ಬಾಳೆಹಣ್ಣು ಕಳಿತರೆ ಬುಟ್ಟಿಯ ಸುತ್ತ ಹಾರುತ್ತವಲ್ಲ, ಆ ಪುಟ್ಟ ನೊಣ. ಅದರ ಮೆದುಳು ಗಸಗಸೆ ಕಾಳಿನಷ್ಟು. 2024ರ ಅಕ್ಟೋಬರ್‌ನಲ್ಲಿ ಅದರ ಇಡೀ ಮೆದುಳಿನ ನಕ್ಷೆ ಬಂತು: 1,39,255 ನರಕೋಶ, 5 ಕೋಟಿಗೂ ಹೆಚ್ಚು ಸಿನಾಪ್ಸ್. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮಾಲಾ ಮೂರ್ತಿ ಮತ್ತು ಸೆಬಾಸ್ಟಿಯನ್ ಸಂಗ್ ಮುಂದಾಳುಗಳು.

ಇಂಥ ನಕ್ಷೆ ಮಾಡುವುದು ಹೇಗೆ? ಹಳೆಯ ದಪ್ಪ ಪುಸ್ತಕಕ್ಕೆ ಗೆದ್ದಲು ಹಿಡಿದಿದೆ ಎಂದುಕೊಳ್ಳಿ. ಒಳಗೆಲ್ಲ ಅಂಕುಡೊಂಕಾಗಿ ದಾರಿ ಕೊರೆದಿದೆ. ಪುಸ್ತಕ ಮುಚ್ಚಿದ್ದರೆ ಏನೂ ಕಾಣದು. ಪುಟ ತೆರೆದರೆ ಒಂದಷ್ಟು ತೂತು. ಮುಂದಿನ ಪುಟದಲ್ಲಿ ಅದೇ ತೂತುಗಳು ಒಂದಿಷ್ಟು ಸರಿದಿರುತ್ತವೆ. ಪುಟದಿಂದ ಪುಟಕ್ಕೆ ಒಂದೊಂದೇ ತೂತಿನ ಬೆನ್ನು ಹತ್ತಿದರೆ ಗೆದ್ದಲಿನ ದಾರಿ ಪೂರ್ತಿ ಸಿಗುತ್ತದೆ. ಮೆದುಳಿನ ಚೂರನ್ನೂ ಹೀಗೆ 'ಪುಟ'ಗಳಾಗಿ ಕತ್ತರಿಸಿ, ಒಂದೊಂದನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಫೋಟೊ ತೆಗೆಯುತ್ತಾರೆ. ಆಮೇಲೆ ತೂತಿನಿಂದ ತೂತಿಗೆ ಎಳೆ ಹಿಡಿಯುವ ಕೆಲಸ.

ಆ ಕೆಲಸವನ್ನು ಈಗ ಕೃತಕ ಬುದ್ಧಿಮತ್ತೆ, ಅಂದರೆ ಎಐ ಮಾಡುತ್ತದೆ. ತಪ್ಪೂ ಮಾಡುತ್ತದೆ. ಎರಡು ಎಳೆಗಳನ್ನು ಒಂದೇ ಎಂದು ಅಂಟಿಸಿಬಿಡುತ್ತದೆ, ಒಂದನ್ನೇ ನಡುವೆ ತುಂಡು ಮಾಡುತ್ತದೆ. ನೊಣದ ನಕ್ಷೆಯಲ್ಲಿ ಈ ತಪ್ಪುಗಳನ್ನು ತಿದ್ದಿದವರು ವಿಜ್ಞಾನಿಗಳು ಮತ್ತು ಜಗತ್ತಿನ ಬೇರೆ ಬೇರೆ ಮೂಲೆಯ ಸ್ವಯಂಸೇವಕರು. ಅವರಲ್ಲಿ ಕಂಪ್ಯೂಟರ್ ಗೇಮ್ ಆಡುತ್ತಾ ಈ ಕೆಲಸಕ್ಕೆ ಬಂದವರೂ ಇದ್ದರು. ಒಬ್ಬರೇ ಕೂತು ಮಾಡಿದ್ದರೆ 33 ವರ್ಷ ಹಿಡಿಯುವಷ್ಟು ತಿದ್ದುಪಡಿ ಅದು. ಎಐ ಎಲ್ಲರ ಕೆಲಸ ಕಿತ್ತುಕೊಳ್ಳುತ್ತದೆ ಎನ್ನುವವರಿಗೆ ನಾನು ಈ ಲೆಕ್ಕ ಹೇಳುತ್ತಿರುತ್ತೇನೆ.

ಈಗ ಇಲಿಗೆ ಬರೋಣ. ಈ ಯೋಜನೆಯ ಜಾಣತನ ಇರುವುದು ನಕ್ಷೆಗಿಂತ ಮೊದಲಿನ ಕೆಲಸದಲ್ಲಿ. ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಇಲಿಯನ್ನು ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿ, ಅದರ ಮುಂದೆ ಸಿನಿಮಾ ತುಣುಕು, ಆಟೋಟಗಳ ದೃಶ್ಯ ಹಾಕಿದರು. ನರಕೋಶ ಮಿಡಿದಾಗ ಮಿನುಗುವಂತೆ ಆ ಇಲಿಯ ವಂಶವಾಹಿಯನ್ನೇ ಬದಲಿಸಿದ್ದರು. ನೋಟಕ್ಕೆ ಸಂಬಂಧಿಸಿದ ಭಾಗದಲ್ಲಿ ಸುಮಾರು 75 ಸಾವಿರ ನರಕೋಶಗಳು ಯಾವಾಗ ಮಿನುಗಿದವು ಎಂದು ದಾಖಲಿಸಿಕೊಂಡರು. ಆಮೇಲೆ ಅದೇ ಮೆದುಳು ಸಿಯಾಟಲ್‌ನ ಆಲೆನ್ ಸಂಸ್ಥೆಗೆ ಹೋಯಿತು. ಅಲ್ಲಿ 25 ಸಾವಿರಕ್ಕೂ ಹೆಚ್ಚು ಪದರಗಳಾಗಿ ಕತ್ತರಿಸಿದರು. ಒಂದು ಪದರದ ದಪ್ಪ ತಲೆಕೂದಲಿನ ನಾನೂರರಲ್ಲಿ ಒಂದು ಪಾಲು. ಯಂತ್ರ ನಿಲ್ಲಿಸುವಂತಿಲ್ಲ, ಸಾಲಾಗಿ ನಾಲ್ಕಾರು ಪದರ ಕಳೆದುಹೋದರೆ ಎಳೆ ತಪ್ಪಿಹೋಗುತ್ತದೆ. ಹಾಗಾಗಿ 12 ಹಗಲು 12 ರಾತ್ರಿ ಪಾಳಿ ಹಾಕಿಕೊಂಡು ಕಾದರು. ಪದರಗಳ ಚಿತ್ರಗಳು ಪ್ರಿನ್ಸ್‌ಟನ್‌ಗೆ ಹೋದವು, ಅಲ್ಲಿ ಎಐ ಎಳೆಗಳನ್ನು ಕೂಡಿಸಿತು.

ಹೀಗೆ ತಂತಿಯ ನಕ್ಷೆ, ಆ ತಂತಿಗಳಲ್ಲಿ ಓಡಿದ ಸುದ್ದಿ ಎರಡೂ ಒಂದೇ ಮೆದುಳಿನಿಂದ ಸಿಕ್ಕವು. ಇದರಿಂದ ಗೊತ್ತಾದ ಒಂದು ವಿಷಯ: 'ಸುಮ್ನಿರು' ಎನ್ನುವ ನರಕೋಶಗಳು ಗದ್ದಲ ಮಾಡುವ ತರಗತಿಯನ್ನೆಲ್ಲ ಒಟ್ಟಿಗೆ ಗದರಿಸುವ ಮೇಷ್ಟ್ರಂತಲ್ಲ. ಯಾರನ್ನು ಸುಮ್ಮನಿರಿಸಬೇಕು ಎಂದು ಆರಿಸಿಕೊಂಡೇ ಅವು ಕೊಂಡಿ ಹಾಕಿಕೊಂಡಿರುತ್ತವೆ. ಇನ್ನೊಂದು, ಒಂದೇ ಬಗೆಯ ದೃಶ್ಯಕ್ಕೆ ಮಿಡಿಯುವ ಕೋಶಗಳು ದೂರದಲ್ಲಿದ್ದರೂ ಹುಡುಕಿಕೊಂಡು ಹೋಗಿ ನಂಟು ಬೆಳೆಸುತ್ತವೆ.

## ಮನುಷ್ಯರ ಮೆದುಳಿನ ಒಂದು ಚೂರು

ಮನುಷ್ಯರ ಮೆದುಳಿನ ಇಷ್ಟು ಸೂಕ್ಷ್ಮ ನಕ್ಷೆ 2024ರ ಮೇ ತಿಂಗಳಲ್ಲಿ ಬಂತು. ಮೂರ್ಛೆರೋಗದ ಆಪರೇಷನ್ ಮಾಡುವಾಗ 45 ವರ್ಷದ ಮಹಿಳೆಯೊಬ್ಬರ ಮೆದುಳಿನಿಂದ ತೆಗೆಯಲೇಬೇಕಾಗಿದ್ದ ಚೂರು ಅದು. ಅಳತೆ ಮತ್ತೆ ಒಂದು ಘನ ಮಿಲಿಮೀಟರ್, ಆದರೆ ಕಾಳಿನಂತೆ ದುಂಡಗಲ್ಲ, ತೆಳ್ಳಗಿನ ಬಿಲ್ಲೆಯಂತೆ. ಹಾರ್ವರ್ಡ್‌ನ ಜೆಫ್ ಲಿಕ್ಟ್‌ಮನ್ ತಂಡ ಮತ್ತು ಗೂಗಲ್ ಸೇರಿ ಅದನ್ನು 5 ಸಾವಿರಕ್ಕೂ ಹೆಚ್ಚು ಪದರ ಮಾಡಿದರು. ಸುಮಾರು 57 ಸಾವಿರ ಕೋಶ, 15 ಕೋಟಿ ಸಿನಾಪ್ಸ್, 23 ಸೆಂಟಿಮೀಟರ್ ರಕ್ತನಾಳ ಕಂಡವು. ಚಿತ್ರಗಳನ್ನು ತುಂಬಿಡಲು 1.4 ಪೆಟಾಬೈಟ್ ಜಾಗ ಬೇಕಾಯಿತು. ಅಂಗಡಿಯಲ್ಲಿ ಸಿಗುವ ಒಂದು ಟಿಬಿಯ ಹಾರ್ಡ್‌ಡಿಸ್ಕ್ ಆದರೆ 1,400 ಬೇಕು.

ವಿಚಿತ್ರಗಳೂ ಕಂಡವು. ಸಾಮಾನ್ಯವಾಗಿ ಒಂದು ಆಕ್ಸಾನ್ ಇನ್ನೊಂದು ಕೋಶಕ್ಕೆ ಒಂದೋ ಎರಡೋ ಕಡೆ ಕೊಂಡಿ ಹಾಕುತ್ತದೆ. ಇಲ್ಲಿ ಅಪರೂಪಕ್ಕೆ ಕೆಲವು ಜೋಡಿಗಳ ನಡುವೆ 50ಕ್ಕೂ ಹೆಚ್ಚು ಕೊಂಡಿಗಳಿದ್ದವು. ಯೋಚಿಸದೇ ಕೈ ತಾನಾಗಿ ಬ್ರೇಕ್ ಹಿಡಿಯುವಂಥ, ರೂಢಿಬಿದ್ದ ಕೆಲಸಗಳಿಗೆ ಇವು ಇರಬಹುದೇನೋ ಎಂಬ ಊಹೆ ಇದೆ. ಇನ್ನು ಕೆಲವು ಆಕ್ಸಾನ್‌ಗಳು ಚಕ್ಕುಲಿಯಂತೆ ಸುರುಳಿ ಸುತ್ತಿಕೊಂಡಿದ್ದವು. ಅವು ಮೂರ್ಛೆರೋಗದ ಗುರುತೋ, ಎಲ್ಲರಲ್ಲೂ ಹಾಗೆಯೋ ತಿಳಿದಿಲ್ಲ. ಒಬ್ಬರ ಮೆದುಳು ನೋಡಿ ಎಲ್ಲರ ಬಗ್ಗೆ ಹೇಳುವಂತಿಲ್ಲವಲ್ಲ.

## ನಕ್ಷೆ ಇದ್ದರೆ ಎಲ್ಲ ತಿಳಿದಂತೆಯೇ?

ಅಲ್ಲ. ಹುಳುವಿನ ನಕ್ಷೆ ಸಿಕ್ಕಿ 40 ವರ್ಷವಾಗುತ್ತಾ ಬಂತು. ಇರುವುದೇ 302 ನರಕೋಶ. ಅದು ಮುಂದಿನ ಕ್ಷಣ ಎಡಕ್ಕೆ ತಿರುಗುತ್ತದೋ ಬಲಕ್ಕೋ ಎಂದು ಇವತ್ತಿಗೂ ಪಕ್ಕಾ ಹೇಳಲು ಬರುವುದಿಲ್ಲ.

ಬೆಂಗಳೂರಿನ ರಸ್ತೆ ನಕ್ಷೆ ಇಟ್ಟುಕೊಂಡು ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಹೇಗಿರುತ್ತದೆ ಎಂದು ಹೇಳಿ ನೋಡೋಣ. ನಕ್ಷೆಯಲ್ಲಿ ರಸ್ತೆ ಇರುತ್ತದೆ, ಟ್ರಾಫಿಕ್ ಇರುವುದಿಲ್ಲ. ಮೆದುಳಿನಲ್ಲೂ ಅದೇ ತಂತಿಗಳು ಹಸಿದಾಗ ಒಂದು ಥರ, ಹೆದರಿದಾಗ ಇನ್ನೊಂದು ಥರ ವರ್ತಿಸುತ್ತವೆ. ಡೋಪಮೈನ್, ಸೆರಟೋನಿನ್‌ನಂಥ ರಾಸಾಯನಿಕಗಳು ತಂತಿ ಬದಲಿಸದೆಯೇ ಇಡೀ ಬಡಾವಣೆಯ ಹದ ಬದಲಿಸಿಬಿಡುತ್ತವೆ. ಮೇಲಾಗಿ ಕೋಶಗಳೆಲ್ಲ ಒಂದೇ ಜಾತಿಯವಲ್ಲ. 2023ರಲ್ಲಿ ಮನುಷ್ಯರ ಮೆದುಳಿನ ಕೋಶಗಳನ್ನು ವಂಶವಾಹಿಗಳ ಆಧಾರದಲ್ಲಿ ವಿಂಗಡಿಸಿದಾಗ 3 ಸಾವಿರಕ್ಕೂ ಹೆಚ್ಚು ಬಗೆಗಳು ಸಿಕ್ಕವು.

ಹಾಗಾದರೆ ಇಷ್ಟೆಲ್ಲ ಮಾಡಿದ್ದು ದಂಡವೇ? ನೊಣದ ನಕ್ಷೆ ಬೇರೆಯೇ ಹೇಳುತ್ತದೆ. ಅದನ್ನು ಕಂಪ್ಯೂಟರಿಗೆ ತುಂಬಿ, ಸಿಹಿ ರುಚಿ ಹಿಡಿಯುವ ನರಕೋಶಗಳನ್ನು ಕಂಪ್ಯೂಟರಿನಲ್ಲೇ ಚುರುಕು ಮಾಡಿದರು. ಸುದ್ದಿ ಕೊಂಡಿಯಿಂದ ಕೊಂಡಿಗೆ ಹರಿದು, ಹೀರುವ ಸೊಂಡಿಲನ್ನು ಚಾಚಿಸುವ ನರಕೋಶಕ್ಕೆ ತಲುಪಿತು. ಕಹಿ ರುಚಿಯನ್ನೂ ಸೇರಿಸಿದರೆ ಸೊಂಡಿಲು ಚಾಚುವ ಸೂಚನೆ ಕುಗ್ಗಿತು. ನಿಜವಾದ ನೊಣ ಬೆಲ್ಲದ ಮೇಲೆ ಕೂತಾಗ, ಕಹಿ ತಾಗಿದಾಗ ಮಾಡುವುದೂ ಇದನ್ನೇ. ಸಣ್ಣ ಕೆಲಸ ಅನ್ನಿಸಬಹುದು. ಆದರೆ ನಾಲಿಗೆಗೆ ತಾಗಿದ್ದರಿಂದ ಹಿಡಿದು ಬಾಯಿ ತೆರೆಯುವವರೆಗಿನ ದಾರಿಯನ್ನು ಒಂದೂ ಮೆಟ್ಟಿಲು ಬಿಡದೆ ತೋರಿಸಬಹುದು ಎಂದಾಯಿತು.

## ನಮ್ಮಲ್ಲಿ ನಡೆಯುತ್ತಿರುವುದು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ದಾನ ಬಂದ ಮೆದುಳುಗಳನ್ನು ಸಂಶೋಧನೆಗಾಗಿ ಕಾಪಿಡುತ್ತಾರೆ. ಜೊತೆಗೊಂದು ಮ್ಯೂಸಿಯಂ ಇದೆ. ಅಲ್ಲಿ ಕೈಗವಸು ಹಾಕಿಕೊಂಡು ನಿಜವಾದ ಮೆದುಳನ್ನು ಹಿಡಿದು ನೋಡಬಹುದು. ರಾಸಾಯನಿಕದಲ್ಲಿ ನೆನೆದು ಗಟ್ಟಿಯಾಗಿರುವುದರಿಂದ ಗಿಣ್ಣಿನ ಹಾಗಿರುವುದಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಇನ್ನೊಂದು ದೊಡ್ಡ ಕೆಲಸಕ್ಕೆ ಕೈಹಾಕಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಸುಮಾರು 10 ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸುತ್ತಾ ಹೋಗುವುದು ಅದರ ಗುರಿ. ರಕ್ತಪರೀಕ್ಷೆ, ಸ್ಕ್ಯಾನ್, ನೆನಪಿನ ಪರೀಕ್ಷೆ ಎಲ್ಲ ಇವೆ. ವಯಸ್ಸಾದಂತೆ ಯಾರ ನೆನಪು ಗಟ್ಟಿಯಾಗಿ ಉಳಿಯುತ್ತದೆ, ಯಾರಿಗೆ ಅರುಳುಮರುಳು ಶುರುವಾಗುತ್ತದೆ, ಯಾಕೆ ಎಂದು ತಿಳಿಯಲು. ಈ ಬಗೆಯ ಅಧ್ಯಯನಗಳು ಇದುವರೆಗೆ ಹೆಚ್ಚಾಗಿ ನಡೆದದ್ದು ಯುರೋಪ್, ಅಮೆರಿಕದಲ್ಲಿ. ಅಲ್ಲಿನವರ ಊಟ, ಓದು, ದುಡಿಮೆ ಎಲ್ಲ ಬೇರೆ. ಮಾವಿನ ತೋಪಿನಲ್ಲಿ ದುಡಿದು ಮುದುಕಾದವರಿಗೆ ಆ ಲೆಕ್ಕ ಹೊಂದುತ್ತದೆ ಎಂದು ಹೇಗೆ ಹೇಳುವುದು?

ಪಕ್ಕದ ಚೆನ್ನೈನ ಐಐಟಿ ಮದ್ರಾಸ್ 2024ರ ಡಿಸೆಂಬರ್‌ನಲ್ಲಿ ಗರ್ಭದಲ್ಲಿರುವ ಮಗುವಿನ ಮೆದುಳಿನ ವಿವರವಾದ ಮೂರು ಆಯಾಮದ ನಕ್ಷೆ ಬಿಡುಗಡೆ ಮಾಡಿತು. 5,132 ಪದರಗಳ ಚಿತ್ರಗಳು ಅದರಲ್ಲಿವೆ. ಯಾರು ಬೇಕಾದರೂ ನೋಡಬಹುದು. ಬೆಂಗಳೂರಿನ ಕೇಂದ್ರ, ಚೆನ್ನೈನ ಕೇಂದ್ರ ಎರಡಕ್ಕೂ ದುಡ್ಡು ಕೊಟ್ಟವರಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಇದ್ದಾರೆ.

## ಚಿಕ್ಕಮ್ಮನ ಪ್ರಶ್ನೆ

ಈಗ, ಮನಸ್ಸಿನಲ್ಲಿ ಅಂದುಕೊಂಡದ್ದು ಗೊತ್ತಾಗುತ್ತದೆಯೇ?

ಪ ಫ ಬ ಭ ಮ ಹೇಳಿ. ತುಟಿ ಮುಚ್ಚಿ ತೆರೆಯಿತು. ತ ಥ ದ ಧ ನ ಹೇಳಿ. ನಾಲಿಗೆ ಹಲ್ಲಿಗೆ ತಾಗಿತು. ಕ ಖ ಗ ಘ ಅಂದರೆ ನಾಲಿಗೆಯ ಬುಡ ಹಿಂದಕ್ಕೆ ಎದ್ದಿತು. ನಮ್ಮ ವರ್ಣಮಾಲೆಯನ್ನು ಜೋಡಿಸಿದ್ದೇ ಬಾಯಿಯ ಯಾವ ಭಾಗ ಕೆಲಸ ಮಾಡುತ್ತದೆ ಎಂಬ ಲೆಕ್ಕದ ಮೇಲೆ. ಮೆದುಳಿನ ಮೇಲ್ಪದರದಲ್ಲಿ ಮಾತಿನ ಸ್ನಾಯುಗಳನ್ನು ನಡೆಸುವ ಜಾಗವೂ ಸುಮಾರಾಗಿ ಹೀಗೇ ಹಂಚಿಕೆಯಾಗಿದೆ: ತುಟಿಗೆ ಒಂದು ಕಡೆ, ನಾಲಿಗೆಗೆ ಒಂದು ಕಡೆ, ಗಂಟಲಿಗೆ ಒಂದು ಕಡೆ. ಕ್ಯಾಲಿಫೋರ್ನಿಯಾದ ಎಡ್ವರ್ಡ್ ಚಾಂಗ್ ತಂಡ ಇದನ್ನು 2013ರಲ್ಲಿ ವಿವರವಾಗಿ ತೋರಿಸಿತು.

ಸ್ನಾಯುಗಳು ಸೋಲುವ ಎಎಲ್‌ಎಸ್ ಕಾಯಿಲೆಯಲ್ಲಿ ಮಾತು ನಿಂತುಹೋಗುತ್ತದೆ. ಆದರೆ ಮೆದುಳಿನ ಆ ಜಾಗ "ತುಟಿ ಮುಚ್ಚು, ನಾಲಿಗೆ ಎತ್ತು" ಎಂದು ಆಜ್ಞೆ ಕೊಡುತ್ತಲೇ ಇರುತ್ತದೆ. ಅದನ್ನೇ ಹಿಡಿದರೆ? 2024ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 45 ವರ್ಷದ ಒಬ್ಬ ರೋಗಿಯ ಫಲಿತಾಂಶ ಪ್ರಕಟಿಸಿದರು. ಅವರ ಮೆದುಳಿನಲ್ಲಿ 256 ಸೂಕ್ಷ್ಮ ತಂತಿಗಳನ್ನು ಇಟ್ಟಿದ್ದರು. ಅವರು ಮಾತಾಡಲು ಪ್ರಯತ್ನಿಸಿದಾಗ ಪದಗಳು ಪರದೆಯ ಮೇಲೆ ಬಂದವು. ನೂರಕ್ಕೆ 97ರಷ್ಟು ಸರಿ. ಕಾಯಿಲೆಗೆ ಮೊದಲಿನ ರೆಕಾರ್ಡಿಂಗ್‌ಗಳಿಂದ ತಯಾರಿಸಿದ ಅವರದೇ ದನಿಯಲ್ಲಿ ಕಂಪ್ಯೂಟರ್ ಅದನ್ನು ಓದಿ ಹೇಳಿತು.

ಇದರಲ್ಲಿ ಮನಸ್ಸು ಓದುವುದೇನೂ ಇಲ್ಲ. ಓದಿದ್ದು ಬಾಯಿಗೆ ಹೊರಟ ಆಜ್ಞೆಯನ್ನು. ಆದರೆ 2025ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್‌ನವರು ಒಂದು ಹೆಜ್ಜೆ ಮುಂದೆ ಹೋದರು. ಇಂಥ ತಂತಿಗಳಿದ್ದ ನಾಲ್ವರಿಗೆ, ಮಾತಾಡಲು ಯತ್ನಿಸಬೇಡಿ, ಸುಮ್ನೆ ಮನಸ್ಸಿನಲ್ಲಿ ಹೇಳಿಕೊಳ್ಳಿ ಎಂದರು. ಆಗಲೂ ವಾಕ್ಯಗಳು ಹೊರಬಂದವು. ಸರಿಯಾದದ್ದು ಹೆಚ್ಚೆಂದರೆ ನೂರಕ್ಕೆ 74. ಪರದೆಯ ಮೇಲಿನ ಗುಲಾಬಿ ವೃತ್ತಗಳನ್ನು ಎಣಿಸಲು ಹೇಳಿದಾಗ, ಹೇಳಿಕೊಳ್ಳಿ ಎನ್ನದಿದ್ದರೂ ಒಳಗೊಳಗೇ ಎಣಿಸಿದ ಸಂಖ್ಯೆಗಳು ಅಷ್ಟಿಷ್ಟು ಸಿಕ್ಕಿಬಿದ್ದವು.

ಹಾಗಾಗಿ ನಾನು ಚಿಕ್ಕಮ್ಮನಿಗೆ ಹೇಳಿದ್ದು ಇಷ್ಟು. ತಲೆಬುರುಡೆ ತೆರೆದು, ಸರಿಯಾದ ಜಾಗದಲ್ಲಿ ತಂತಿ ಇಟ್ಟು, ನೀವೇ ಕೂತು ಆ ಯಂತ್ರಕ್ಕೆ ಕಲಿಸಿದರೆ, ನೀವು ಪದಗಳಲ್ಲಿ ಅಂದುಕೊಂಡದ್ದು ಒಂದಷ್ಟು ಗೊತ್ತಾಗುತ್ತದೆ. ನಿಮಗೆ ಗೊತ್ತಿಲ್ಲದಂತೆ ದೂರದಿಂದ ಯಾರೂ ಓದಲಾರರು. ಹಾಗೆ ಅಕಸ್ಮಾತ್ ಒಳಮಾತು ಸೋರಬಾರದೆಂದು ಆ ವಿಜ್ಞಾನಿಗಳು ಒಂದು ಬೀಗವನ್ನೂ ಇಟ್ಟಿದ್ದಾರೆ. ಮನಸ್ಸಿನಲ್ಲೇ ಒಂದು ಪಾಸ್‌ವರ್ಡ್ ಹೇಳಿಕೊಂಡರೆ ಮಾತ್ರ ಯಂತ್ರ ಕೇಳಿಸಿಕೊಳ್ಳಲು ಶುರು ಮಾಡುತ್ತದೆ.

"ಪಾಸ್‌ವರ್ಡಾ?" ಅಂದರು ಚಿಕ್ಕಮ್ಮ. "ಹಾಗಾದ್ರೆ ನನ್ ಕಥೆ ಮುಗೀತು. ಫೋನಿಂದೇ ನೆನಪಿರಲ್ಲ ನಂಗೆ."